ಕೇಪ್ ಬ್ಲೆಂಡಿನ ಹದ ಹುಡುಕುತ್ತ ಸ್ಟೆಲೆನ್‌ಬಾಷ್‌ನಲ್ಲಿ

ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರು ಹೋದರೆ ವೈನ್ ತೋಟಗಳ ಊರು ಸ್ಟೆಲೆನ್‌ಬಾಷ್. ನಮ್ಮಲ್ಲಿಯಂತೆ ರಸ್ತೆಯ ಎಡಬದಿಗೇ ಗಾಡಿ ಓಡಿಸುವ ದೇಶವಾದ್ದರಿಂದ ಬಾಡಿಗೆ ಕಾರು ಹಿಡಿಯುವ ಆಸೆಯಾಗುತ್ತದೆ. ವೈನ್ ರುಚಿ ನೋಡುವ ದಿನ ಮಾತ್ರ ಬೇಡ. 100 ಮಿಲಿ ರಕ್ತದಲ್ಲಿ 0.05 ಗ್ರಾಂ ಆಲ್ಕೊಹಾಲ್ ಅಲ್ಲಿಯ ಮಿತಿ. ಮೂರು ತೋಟಗಳಲ್ಲಿ ಐದೈದು ಬಗೆ, ಒಂದೊಂದು ಬಗೆಗೆ 25 ಮಿಲಿ ಎಂದು ಲೆಕ್ಕ ಹಾಕಿ: ಸಂಜೆಯೊಳಗೆ 375 ಮಿಲಿ, ಅಂದರೆ ಸರಿಯಾಗಿ ಅರ್ಧ ಬಾಟಲಿ. ಮೇಜಿನ ಮೇಲೆ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಸಂಕೋಚ ಬೇಡ, ಕಸುಬುದಾರರೂ ಉಗುಳಿಯೇ ರುಚಿ ನೋಡುವುದು.

ಇಲ್ಲಿ ಹುಡುಕಬೇಕಾದದ್ದು ಕೇಪ್ ಬ್ಲೆಂಡ್. ಹೀಗೆಂದರೆ ಇಂತಿಷ್ಟೇ ಎಂದು ಕಾನೂನು ಹೇಳಿಲ್ಲ. ಪಿನೊಟಾಜ್ ದ್ರಾಕ್ಷಿಗೆ ಗಟ್ಟಿ ಪಾಲು ಇರುವ ಕೆಂಪು ಮಿಶ್ರಣಕ್ಕೆ ಆ ಹೆಸರು ರೂಢಿಯಾಗಿದೆ. ಪಿನೊಟಾಜ್ ಸಂಘದ ಸ್ಪರ್ಧೆಗೆ ಮಾತ್ರ ಆ ಪಾಲು ಶೇ. 30ರಿಂದ 70ರೊಳಗೆ ಇರಬೇಕೆಂದು ಮಿತಿ ಹಾಕಿದ್ದಾರೆ. ಊರಿನ ದಕ್ಷಿಣಕ್ಕಿರುವ ಮೀರ್‌ಲುಸ್ಟ್ ತೋಟದ ರೂಬಿಕಾನ್ (ಮೊದಲ ಕೊಯ್ಲು 1980) ಕೇಪಿನ ಹೆಸರಾಂತ ಮಿಶ್ರಣವೇ. ಆದರೆ ಅದರ ದಾರಿ ಫ್ರಾನ್ಸಿನ ಬೋರ್ಡೋ ಸೀಮೆಯದ್ದು, ಅದರಲ್ಲಿ ಪಿನೊಟಾಜ್ ಇಲ್ಲ. ಅಂಗಡಿಯಲ್ಲಿ ಎರಡನ್ನೂ ಒಂದೇ ಎಂದುಕೊಂಡು ಕೊಳ್ಳುವವರು ಬಹಳ.

ಬೆಳಿಗ್ಗೆ ಊರೊಳಗೇ ಶುರುಮಾಡಿ. 1925ರಲ್ಲಿ ಇಲ್ಲಿನ ಪ್ರೊಫೆಸರ್ ಅಬ್ರಹಾಂ ಇಜಾಕ್ ಪೆರೋಲ್ಡ್ ಪಿನೋ ನುವಾರ್ ಮತ್ತು ಸಾಂಸೋ ತಳಿಗಳನ್ನು ಕೂಡಿಸಿದರು. ಸಾಂಸೋಗೆ ಆಗ ಇಲ್ಲಿ ಹರ್ಮಿಟಾಜ್ ಎನ್ನುತ್ತಿದ್ದರು. ಪಿನೊಟಾಜ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಸಿಕ್ಕಿದ ಬೀಜ ನಾಲ್ಕೇ ನಾಲ್ಕು. ವಿಶ್ವವಿದ್ಯಾಲಯದ ವೆಲ್‌ಗೆವಾಲನ್ ತೋಟದಲ್ಲಿದ್ದ ತಮ್ಮ ಮನೆಯ ಹಿತ್ತಲಲ್ಲಿ ನೆಟ್ಟು, ಕೆಲಸ ಬದಲಾದಾಗ ಅವರು ಸಸಿಗಳನ್ನು ಅಲ್ಲೇ ಬಿಟ್ಟು ಹೋದರು. ಹಿತ್ತಲು ಸವರಿ ಹಾಕುವ ಹೊತ್ತಿಗೆ ಚಾರ್ಲಿ ನೀಹೌಸ್ ಎಂಬ ಕಿರಿಯ ಅಧ್ಯಾಪಕರು ಅವನ್ನು ಉಳಿಸಿದರು. ಲೇಬಲ್ಲಿನ ಮೇಲೆ ಪಿನೊಟಾಜ್ ಹೆಸರು ಬಂದದ್ದು 1961ರಲ್ಲಿ, 1959ರ ಕೊಯ್ಲಿನ, ಲಾಂಜರಾಕ್ ಎಂಬ ಹೆಸರಿನ ವೈನ್ ಬಾಟಲಿಯಲ್ಲಿ.

ಅಲ್ಲಿಂದ ಉತ್ತರಕ್ಕೆ ಎರಡು ದಾರಿ. ಆರ್ 304 ರಸ್ತೆ ಹಿಡಿದರೆ ಬೇಯರ್ಸ್‌ಕ್ಲೂಫ್ ತೋಟ, ಆರ್ 44 ಹಿಡಿದರೆ ಸೈಮನ್ಸ್‌ಬರ್ಗ್ ಬೆಟ್ಟದ ಬುಡದ ಕನೋನ್‌ಕಾಪ್ ತೋಟ. ಕನೋನ್‌ಕಾಪ್ ಎಂದರೆ ಫಿರಂಗಿ ಗುಡ್ಡ. ಕೇಪ್‌ಟೌನಿನ ಕೊಲ್ಲಿಗೆ ಹಡಗು ಬಂತೆಂದು ಇಲ್ಲಿಂದ ಗುಂಡು ಹಾರಿಸಿದರೆ ರೈತರು ತರಕಾರಿ, ಹಣ್ಣು ಹೇರಿಕೊಂಡು ಹೊರಡುತ್ತಿದ್ದರಂತೆ. ಒಂದೇ ತೋಟಕ್ಕೆ ಸಮಯವಿದೆ ಎಂದಾದರೆ ಇಲ್ಲಿಗೇ ಬನ್ನಿ: ಸಿಮೆಂಟಿನ ತೆರೆದ ತೊಟ್ಟಿಗಳಲ್ಲಿ ಹುದುಗು ಬರಿಸುವ ಹಳೇ ಕ್ರಮ ಇಲ್ಲಿದೆ, ಏನೂ ಬೆರೆಸದ ಬಿಡಿ ಪಿನೊಟಾಜ್ ಮತ್ತು ಕಡೆಟ್ ಎಂಬ ಕೇಪ್ ಬ್ಲೆಂಡ್ ಎರಡೂ ಒಂದೇ ಸೂರಿನಡಿ ಸಿಗುತ್ತವೆ. ಮೊದಲು ಬಿಡಿಯದು, ಆಮೇಲೆ ಮಿಶ್ರಣ. ತಿರುವುಮುರುವು ಮಾಡಿದರೆ ಯಾವುದು ಯಾರ ಕೊಡುಗೆ ಎಂದು ನಾಲಿಗೆಗೆ ತಿಳಿಯದು.

ಪಿನೊಟಾಜ್ ಬೇಗ ಮಾಗುತ್ತದೆ. ಫೆಬ್ರವರಿಯಲ್ಲಿ ಹೋದವರಿಗೆ ಅದರ ತೊಟ್ಟಿ ಕಾಣುತ್ತದೆ, ಮಿಶ್ರಣಕ್ಕೆ ಸೇರುವ ಇನ್ನೊಂದು ಕೆಂಪು ತಳಿ ಕ್ಯಾಬರ್ನೆ ಸೊವಿನ್ಯೋಂ ನೋಡಲು ಮಾರ್ಚ್ ಬರಬೇಕು. ಒಂದೊಂದು ತಳಿಯನ್ನೂ ಬೇರೆಬೇರೆಯಾಗಿ ಹುದುಗಿಸಿ, 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಇಟ್ಟು, ಆಮೇಲೆ ಕೂಡಿಸುವುದಕ್ಕೆ ಇದೂ ಒಂದು ಕಾರಣ. ತೊಟ್ಟಿಯಲ್ಲಿ ಮೇಲೇಳುವ ಸಿಪ್ಪೆಯ ಪದರವನ್ನು ಎರಡು ಮೂರು ಗಂಟೆಗೊಮ್ಮೆ ಕೆಳಗೆ ಒತ್ತುತ್ತಾರೆ. ಪಿನೊಟಾಜಿನ ಸಿಪ್ಪೆ ಬಣ್ಣವನ್ನೂ ಒಗರನ್ನೂ ಬೇಗ ಬಿಡುತ್ತದೆ. ಕೆಲವೇ ದಿನಗಳಲ್ಲಿ ರಸ ತೆಗೆಯದೆ ಕೈಕಟ್ಟಿ ಕೂತರೆ ಕೊನೆಯಲ್ಲಿ ಕಹಿ ಉಳಿಯುತ್ತದೆ. ಹುದುಗು ಕೈಮೀರಿ ಬಿಸಿಯಾದರೆ ನೇಲ್‌ಪಾಲಿಶ್ ವಾಸನೆ. ಬಾಳೆಹಣ್ಣಿನ ವಾಸನೆ ಬಂದರೆ ಅದು ಹುದುಗು ಬರುವಾಗ ಹುಟ್ಟುವ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕ. 1976ರಲ್ಲಿ ಬಂದ ಬ್ರಿಟಿಷ್ ಪರಿಣತರು ಪಿನೊಟಾಜಿಗೆ ತುಕ್ಕು ಮೊಳೆಯ ವಾಸನೆ ಎಂದು ಮೂಗು ಮುರಿದಿದ್ದರು. ಅದು ತಳಿಯ ದೋಷವೋ ಕೈಯ ದೋಷವೋ ಎಂದರೆ, ಹೆಚ್ಚು ಪಾಲು ಕೈಯದ್ದೇ. ಅಂದಹಾಗೆ, ಹುದುಗು ಬರುತ್ತಿರುವ ತೊಟ್ಟಿಯೊಳಗೆ ಬಗ್ಗಿ ಮೂಸಬೇಡಿ. ಮೇಲೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ.

ಸಂಜೆ ತಂಗುವಲ್ಲಿ ಒಂದು ಪ್ರಯೋಗ ಮಾಡಬಹುದು. ಒಂದೇ ವರ್ಷದ ಪಿನೊಟಾಜ್, ಕ್ಯಾಬರ್ನೆ, ಮೆರ್ಲೋ (ಇದೂ ಕೆಂಪು ತಳಿಯೇ) ಒಂದೊಂದು ಬಾಟಲಿ, ಮೂರು ಗ್ಲಾಸು, ಸೂಜಿಯಿಲ್ಲದ 10 ಮಿಲಿ ಸಿರಿಂಜ್ ಸಾಕು. ಇದೇ ಅನುಕ್ರಮದಲ್ಲಿ ಮೊದಲ ಗ್ಲಾಸಿಗೆ 15, 25, 10 ಮಿಲಿ. ಎರಡನೆಯದಕ್ಕೆ 20, 20, 10. ಮೂರನೆಯದಕ್ಕೆ 35, 10, 5. ಮುಚ್ಚಿ ಕಾಲು ಗಂಟೆ ಬಿಡಿ. ಕ್ಯಾಬರ್ನೆ ಬೆನ್ನೆಲುಬಾಗಿ ನಿಲ್ಲುತ್ತದೆ, ಪಿನೊಟಾಜ್ ಅದರ ನಡುವಿನ ಟೊಳ್ಳಿಗೆ ಹಣ್ಣು ತುಂಬುತ್ತದೆ, ಮೆರ್ಲೋ ಒಗರಿನ ಅಂಚು ಸವೆಸುತ್ತದೆ. ಮೂರನೆಯದರಲ್ಲಿ ಪಿನೊಟಾಜ್ ಉಳಿದೆರಡರ ಬಾಯಿ ಮುಚ್ಚಿಸುವುದೇ ಹೆಚ್ಚು. ತಿದ್ದುವಾಗ ಒಂದು ಸಲಕ್ಕೆ ಒಂದೇ ಪಾಲು ಬದಲಿಸಿ. ಒಂದೇ ತಳಿಯ ಹೆಸರಿದ್ದ ಬಾಟಲಿಯಲ್ಲೂ ಶೇ. 85 ಆ ತಳಿ ಇದ್ದರೆ ಸಾಕು ಎಂಬ ನಿಯಮವಿದೆ, ಆದ್ದರಿಂದ ಲೆಕ್ಕ ತೀರಾ ಕರಾರುವಾಕ್ಕಲ್ಲ.

ವೈನ್ 16ರಿಂದ 18 ಡಿಗ್ರಿಯಲ್ಲಿರಲಿ. ‘ಕೋಣೆಯ ಉಷ್ಣತೆ’ ಎಂದು ಓದಿ ಬೆಂಗಳೂರಿನ ಏಪ್ರಿಲ್ ಕೋಣೆಯಲ್ಲಿ ಸುರಿದರೆ ಮೂಗಿಗೆ ಬರೀ ಮದ್ಯಸಾರ ಹೊಡೆಯುತ್ತದೆ. ಫ್ರಿಜ್ಜಿನಲ್ಲಿ 20 ನಿಮಿಷ ಇಟ್ಟು ತೆಗೆಯಿರಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್: 750 ಮಿಲಿಯ ಎರಡು ಬಾಟಲಿ ಸಲೀಸು, ಮೂರನೆಯದು ಮಿತಿ ದಾಟಿಸುತ್ತದೆ. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೆಕ್‌ಇನ್ ಪೆಟ್ಟಿಗೆಯ ನಟ್ಟನಡುವೆ ಇಡಿ.