ಅವ್ವ ಬಂದರೆ ಮಾತ್ರ ಕಂಪ್ಯೂಟರ್

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಕೇಳಿದ್ದಾರೆ. ಬೇವಿನ ಮರ, ಬಿಸಿಯೂಟ, ಬೆತ್ತದ ಏಟು, ಇವನ್ನೆಲ್ಲ ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಬರೆಯುವುದು ಹಳೆ ಕಂಪ್ಯೂಟರ್‌ಗಳ ಬಗ್ಗೆ. ಶಾಲೆಯಲ್ಲಿದ್ದವಲ್ಲ, ಶಾಲೆಯಿಂದ ನಮ್ಮ ಮನೆಗಳಿಗೆ ಬಂದವು. ಈಗಿನ ಮಕ್ಕಳಿಗೆ ಇದು ಗೊತ್ತಿಲ್ಲ, ಹೊಸದಾಗಿ ಬಂದ ಟೀಚರ್‌ಗಳಿಗೂ ಗೊತ್ತಿರಲಿಕ್ಕಿಲ್ಲ.

ನಾನು 8ನೇ ತರಗತಿಗೆ ಸೇರಿದ್ದು 2009ರಲ್ಲಿ. ಆಗ ಶಾಲೆಯಲ್ಲಿ ಒಂದು ಕಂಪ್ಯೂಟರ್ ರೂಮ್ ಇತ್ತು, ಅದಕ್ಕೊಂದು ದೊಡ್ಡ ಬೀಗ ಇತ್ತು. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೇಂದ್ರದ ಐಸಿಟಿ ಯೋಜನೆ 2004ರಲ್ಲೇ ಶುರುವಾಗಿತ್ತಂತೆ. ಮಷಿನ್ ಬಂದ ಮೇಲೆ ಅವು ದಾಸ್ತಾನು ವಹಿಗೆ ಏರುತ್ತವೆ. ಒಂದು ಕೆಟ್ಟರೆ ಹೆಡ್‌ಮಾಸ್ತರರು ಉತ್ತರ ಕೊಡಬೇಕು. ಹಾಗಾಗಿ ಕೆಡದೇ ಇರಲಿ ಅಂತ ಮುಟ್ಟದೇ ಇಡುವುದು. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ, ಈಗ ನಾನೂ ಒಂದು ಆಫೀಸಿನ ಮಷಿನ್ ಮುಂದೆ ಕೂರುವವಳೇ. ಆದರೆ ನಾವು ಕಿಟಕಿಯಿಂದ ಇಣುಕಿ ನೋಡಿದ್ದೇ ಜಾಸ್ತಿ.

ನಮ್ಮ ಊರು ಇರುವುದು ಶಕ್ತಿನಗರದ ಹತ್ತಿರ. ಮಾಳಿಗೆ ಹತ್ತಿದರೆ ಥರ್ಮಲ್ ಸ್ಟೇಷನ್ನಿನ ಚಿಮಣಿ ಕಾಣುತ್ತವೆ. 1985ರಿಂದ ಅಲ್ಲಿ ಕರೆಂಟ್ ತಯಾರಾಗುತ್ತಿದೆ. ಈಗ ಎಂಟು ಯೂನಿಟ್ ಸೇರಿ 1720 ಮೆಗಾವಾಟ್. ಚಿಮಣಿ ಹೊಗೆ ನೋಡುತ್ತಾ ಚಿಮಣಿ ದೀಪದಲ್ಲಿ ಓದಿದವರು ನಾವು ಅಂತ ನಮ್ಮ ಬ್ಯಾಚಿನವರು ಈಗಲೂ ನಗುತ್ತೇವೆ.

ಇನ್ನು ವಿಜ್ಞಾನದ ಸರ್ ವಿಷಯಕ್ಕೆ ಬರುತ್ತೇನೆ. ಹೆಸರು ಬರೆಯಬೇಡ ಅಂತ ಅವರೇ ಫೋನಿನಲ್ಲಿ ಹೇಳಿದ್ದಾರೆ, ಅದಕ್ಕೆ ಬರೆಯುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಗೊತ್ತಲ್ವಾ, ಇಡೀ ರಾಯಚೂರು ಜಿಲ್ಲೆ ನೀರಲ್ಲಿ ನಿಂತಿತ್ತು. ಆಗ ಸರ್ ಊರೊಳಗೆ ಮನೆಮನೆ ತಿರುಗಿ ಯಾರ ಮಾಳಿಗೆ ಬಿದ್ದಿದೆ, ಯಾರ ಪುಸ್ತಕ ತೊಯ್ದಿವೆ ಅಂತ ಬರೆದುಕೊಂಡರು. ಆ ತಿರುಗಾಟದಲ್ಲೇ ಅವರಿಗೆ ಕಂಪ್ಯೂಟರ್ ವಿಚಾರ ಹೊಳೆದಿದ್ದು ಅಂತ ಆಮೇಲೆ ಹೇಳಿದರು. ಎಷ್ಟೋ ಮನೆಗಳಲ್ಲಿ ಶಾಲೆಯಿಂದ ಬಂದ ಒಂದು ಕಾಗದವನ್ನು ಓದುವವರು ಆ ಮನೆಯ ಮಗು ಒಂದೇ. 2011ರ ಜನಗಣತಿ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ನಮ್ಮ ಕೇರಿಯಲ್ಲಿ ಇನ್ನೂ ಕಡಿಮೆ ಇದ್ದೀತು.

ಮುಂದಿನ ವರ್ಷ ನಮ್ಮ ಶಾಲೆಯಲ್ಲೇ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಒಬ್ಬರ ಮೂಲಕ ಒಂದು ಆಫೀಸಿನ ತೆಗೆದುಹಾಕಿದ ಕಂಪ್ಯೂಟರ್‌ಗಳು ಬಂದವು. ಪೆಂಟಿಯಮ್ 4, ದಪ್ಪ ಬೆನ್ನಿನ ಮಾನಿಟರ್, ವಿಂಡೋಸ್ ಎಕ್ಸ್‌ಪಿ. ದಾನ ಬಂದವು ಅಂದಮೇಲೆ ಸರ್ಕಾರದ ವಹಿಗೆ ಸೇರಿಸುವ ಮೊದಲೇ ಸರ್ ಒಂದು ಬೇರೆ ನೋಟ್‌ಬುಕ್ ಮಾಡಿದರು. ಓಣಿಗೊಂದು ಮಷಿನ್, ಒಂದು ಮನೆಯಲ್ಲಿ ಇಡುವುದು, ಅಕ್ಕಪಕ್ಕದ ಮಕ್ಕಳು ಅಲ್ಲಿಗೇ ಬರುವುದು. ಶರತ್ತು ಒಂದೇ.

"ಅವ್ವ ಬರಬೇಕು, ಇಲ್ಲಾಂದ್ರ ಅಪ್ಪ, ಇಲ್ಲಾಂದ್ರ ಅಜ್ಜಿ. ಮನೀಯಾಗಿನ ದೊಡ್ಡವರು ಒಬ್ಬರರೆ ಶನಿವಾರ ಸಾಲಿಗೆ ಬಂದು ಕಲೀಬೇಕು. ಬರಲಿಲ್ಲಂದ್ರ ಮಷಿನ್ ಇಲ್ಲ."

ನಮಗೆ ಸಿಟ್ಟು ಬಂತು. ಕಲಿಯುವವರು ನಾವು, ಅವ್ವ ಯಾಕೆ? ಕೂಲಿ ಬಿಟ್ಟು ಯಾರು ಬರುತ್ತಾರೆ? ಮೊದಲ ಶನಿವಾರ ಮಧ್ಯಾಹ್ನ ಬಂದವರು ಕಡಿಮೆ. ಸರ್ ಅದನ್ನು ಸಂಜೆಗೆ ಹಾಕಿದರು, ಹೊಲದಿಂದ ಬಂದು ಮುಖ ತೊಳೆದುಕೊಂಡು ಬರುವಷ್ಟು ಹೊತ್ತಿಗೆ. ಹತ್ತಿ ಬಿಡಿಸುವ ಕಾಲದಲ್ಲಿ ಪೂರ್ತಿ ನಿಲ್ಲಿಸಿಬಿಟ್ಟರು. ಆಗ ಮಕ್ಕಳೇ ಶಾಲೆಗೆ ಬರುತ್ತಿರಲಿಲ್ಲ, ಇನ್ನು ಅವ್ವಂದಿರು ಎಲ್ಲಿ ಬರುತ್ತಾರೆ. ಹತ್ತಿ ಮುಗಿದ ಮೇಲೆ ಕೆಲವು ಮನೆಗಳವರು ಗುಳೆ ಹೋದರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಆ ಮನೆಗಳ ಹೆಸರನ್ನು ಸರ್ ನೋಟ್‌ಬುಕ್ಕಿನಿಂದ ಹೊಡೆದುಹಾಕಲಿಲ್ಲ, ಯುಗಾದಿಗೆ ಬಂದಾಗ ನೋಡೋಣ ಅಂತ ಪಕ್ಕಕ್ಕೆ ಬರೆದಿಟ್ಟರು.

ನಮ್ಮವ್ವ ಹೋದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. "ನಾ ಏನ್ ಕಲೀಲಿ ಸರ, ನನಗ ಸಹಿ ಮಾಡಾಕ ಬರ್ತದ, ಅಷ್ಟ" ಅಂದಳು. ಸರ್ ಕೀಬೋರ್ಡಿನ ಬಲಗಡೆ ತೋರಿಸಿದರು. ಅಲ್ಲಿ ಅಂಕಿಗಳಷ್ಟೇ ಇರುತ್ತವಲ್ಲ, ಅದು. "ಇದು ನಿಮ್ಮ ಫೋನಿನ್ಯಾಗ ಇರೋದ ನೋಡ್ರಿ ಯವ್ವಾ. ಸಂಘದ ಲೆಕ್ಕ ಬಾಯಾಗ ಹೇಳ್ತೀರಲ್ಲ, ಅದನ್ನ ಒತ್ರಿ ಸಾಕು."

ಎಷ್ಟು ಸಣ್ಣ ವಿಷಯ ನೋಡಿ! ಆದರೆ ಎಲ್ಲ ಶುರುವಾಗಿದ್ದು ಅಲ್ಲಿಂದಲೇ. ಆ ಹೊತ್ತಿಗೆ ಮನೆಮನೆಗೂ ಗುಂಡಿ ಒತ್ತುವ ಮೊಬೈಲ್ ಬಂದಿತ್ತು. ಅಕ್ಷರ ಬಾರದವರಿಗೂ ಅಂಕಿ ಬರುತ್ತಿತ್ತು. ಅವ್ವ ಸ್ತ್ರೀಶಕ್ತಿ ಸಂಘದಲ್ಲಿದ್ದಳು, ಯಾರು ಎಷ್ಟು ಕಟ್ಟಿದ್ದಾರೆ, ಯಾರದು ಎಷ್ಟು ಬಾಕಿ ಅಂತ ಪುಸ್ತಕ ನೋಡದೇ ಹೇಳುತ್ತಿದ್ದಳು. ಓಪನ್ ಆಫೀಸಿನ ಲೆಕ್ಕದ ಹಾಳೆಯಲ್ಲಿ ನಾವು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹೆಸರು ಟೈಪ್ ಮಾಡುವುದು, ಅವಳು ಎದುರಿಗೆ ದುಡ್ಡು ಒತ್ತುವುದು, ಕೆಳಗೆ ಮೊತ್ತ ತಾನಾಗಿಯೇ ಬರುವುದು. ಮೊದಮೊದಲು ಮೊತ್ತವನ್ನು ಅವಳು ನಂಬಲಿಲ್ಲ. ಬೆರಳ ಗೆಣ್ಣು ಎಣಿಸಿ ಪ್ರತಿಸಲ ಪರೀಕ್ಷೆ ಮಾಡುತ್ತಿದ್ದಳು. ಒಂದು ಸಲ ಮೊತ್ತ ಬಂದ ಕೂಡಲೇ "ಇದು ತಪ್ಪೈತಿ" ಅಂದಳು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಅಂತ ನಾವೆಲ್ಲ ವಾದ ಮಾಡಿದೆವು. ನೋಡಿದರೆ ಪಕ್ಕದ ಮನೆ ಹುಡುಗಿ ಐವತ್ತರ ಮುಂದೆ ಒಂದು ಸೊನ್ನೆ ಜಾಸ್ತಿ ಒತ್ತಿದ್ದಳು. ಅವತ್ತು ಅವ್ವನ ನಗು ನೋಡಬೇಕಿತ್ತು.

ನುಡಿ ಬಗ್ಗೆ ಎರಡು ಮಾತು ಹೇಳಲೇಬೇಕು. ಕನ್ನಡ ಗಣಕ ಪರಿಷತ್ತಿನವರ ನುಡಿಯಲ್ಲಿ ಕೀಲಿಗಳು ಬಹುಪಾಲು ಉಚ್ಚಾರದ ಪ್ರಕಾರವೇ ಇರುತ್ತವೆ, ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಒತ್ತಕ್ಷರಕ್ಕೆ ಮಧ್ಯೆ ಎಫ್. ಇಂಗ್ಲಿಷ್ ಅಕ್ಷರವೇ ಸರಿಯಾಗಿ ಬಾರದ ನಮ್ಮ ಕ್ಲಾಸಿನ ಹುಡುಗರು ಕನ್ನಡ ಟೈಪ್ ಮಾಡುತ್ತಾ ಇಂಗ್ಲಿಷ್ ಎಬಿಸಿಡಿ ಗಟ್ಟಿ ಮಾಡಿಕೊಂಡರು. ಒಂದೇ ತೊಂದರೆ ಅಂದರೆ, ಆಗ ಹೊಡೆದ ಪತ್ರವನ್ನು ರಾಯಚೂರಿನ ನೆಟ್ ಸೆಂಟರಿಗೆ ಒಯ್ದು ಪ್ರಿಂಟ್ ಹಾಕಿಸಲು ಹೋದರೆ, ಅಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಹೋಗಿ ಏನೇನೋ ಗುರುತು ಬರುತ್ತಿದ್ದವು. ಬೇರೆ ಮಷಿನ್ನಿಗೆ ಒಯ್ದರೂ ಅಕ್ಷರ ಹೀಗೆ ಕೆಡದಿರಲು ಯೂನಿಕೋಡ್ ಅನ್ನುವುದಿದೆ ಅಂತ ನಮಗೆ ಗೊತ್ತಾಗಿದ್ದು ತಡವಾಗಿ.

ನೆಟ್ ಸೆಂಟರ್ ಅಂದೆನಲ್ಲ, ಮಷಿನ್ ಮನೆಗೇ ಯಾಕೆ ಬರಬೇಕಿತ್ತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ನಮ್ಮ ಜೊತೆಯ ಗಂಡುಹುಡುಗರು ಬಸ್ ಹತ್ತಿ ರಾಯಚೂರಿಗೆ ಹೋಗಿ ಗಂಟೆಗಿಷ್ಟು ಅಂತ ಕೊಟ್ಟು ಕೂರುತ್ತಿದ್ದರು. ಹುಡುಗಿಯರನ್ನು ಯಾರು ಕಳಿಸುತ್ತಾರೆ? ಪರದೆ ಕಟ್ಟಿದ ಆ ಸಣ್ಣ ಸಣ್ಣ ಗೂಡುಗಳನ್ನು ನೋಡಿದ ಯಾವ ಅಪ್ಪನೂ ಮಗಳನ್ನು ಕಳಿಸುತ್ತಿರಲಿಲ್ಲ. ಮನೆಯೊಳಗೆ, ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುವಷ್ಟು ಹತ್ತಿರ ಕಂಪ್ಯೂಟರ್ ಇದ್ದರೆ ಅಪ್ಪಂದಿರಿಗೆ ತಕರಾರಿಲ್ಲ.

ಯಾವ ಓಣಿಗೆ ಮೊದಲ ಮಷಿನ್ ಅನ್ನುವುದು ದೊಡ್ಡ ಚರ್ಚೆಯೇ ಆಯಿತು. ಊರೊಳಗಿನ ಒಂದು ಗಟ್ಟಿ ಮನೆಯಲ್ಲಿಟ್ಟರೆ ಎಲ್ಲರೂ ಬಂದು ಕಲಿಯಬಹುದು ಅಂತ ಹಿರಿಯರು ಹೇಳಿದರು. ಎಲ್ಲರೂ ಅಂದರೆ ಯಾರು ಅಂತ ಸರ್‌ಗೆ ಗೊತ್ತಿತ್ತು. ನಮ್ಮ ಕೇರಿಯ ಮಕ್ಕಳು ಆ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮೊದಲ ಮಷಿನ್ ಕೇರಿಗೆ ಬಂತು, ಮಾನಿಟರಿಗೆ ಕೌದಿ ಸುತ್ತಿ, ಟಂಟಂನಲ್ಲಿ ಸರ್ ತೊಡೆಯ ಮೇಲೆ ಇಟ್ಟುಕೊಂಡು. ಸೋರದ ಸೂರು ಇದ್ದ ಮನೆ ನೋಡಿ, ಹೊಲಿಗೆ ಮಷಿನ್ನಿನ ಟೇಬಲ್ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಕಾಯಿ ಒಡೆದೆವು. ಆಮೇಲೆ ಊರೊಳಗಿನ ಕೆಲವು ಹುಡುಗರು ಮನೆಯಲ್ಲಿ ಹೇಳದೇ ಅಲ್ಲಿಗೇ ಬಂದು ಕೂರುತ್ತಿದ್ದರು. ಯಾರೂ ಅದನ್ನು ಮಾತಾಡಲಿಲ್ಲ. ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ, ಹೋಗಲೂ ಇಲ್ಲ.

ಮಷಿನ್‌ಗಳು ಕೆಡುತ್ತಿದ್ದವು, ಕೇಳಬೇಡಿ. ವೋಲ್ಟೇಜ್ ಇಳಿದರೆ ಚಿತ್ರ ಚಿಕ್ಕದಾಗಿ ಮಧ್ಯಕ್ಕೆ ಸೇರುತ್ತಿತ್ತು. ಒಳಗಿನ ಬಟನ್ ಸೆಲ್ ಸತ್ತು, ಪ್ರತಿಸಲ ಆನ್ ಮಾಡಿದಾಗಲೂ ತಾರೀಕು ಹತ್ತು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಒಂದು ಮನೆಯಲ್ಲಿ ನಿಜವಾದ ಇಲಿ ಬಂದು ಮೌಸಿನ ವೈರ್ ಕಡಿದಿತ್ತು. ಆನ್ ಮಾಡಿದರೆ ಬೀಪ್ ಬೀಪ್ ಅಂದು ಸುಮ್ನೆ ಕಪ್ಪಗೆ ಕೂತರೆ, ಡಬ್ಬಿ ಬಿಚ್ಚಿ ಒಳಗಿನ ಮೆಮೊರಿ ಪಟ್ಟಿ, ಅಂದರೆ ರ್‍ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಬೇಕು. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ನಮ್ಮ ಬ್ಯಾಚಿನ ಹುಡುಗಿಯರೆಲ್ಲ ಇದನ್ನು ಕಲಿತಿದ್ದೆವು. ಈಗಿನ ಟ್ಯಾಬ್ಲೆಟ್ಟು, ಫೋನು ನೋಡಿದಾಗ ನನಗೆ ಬೇಸರವಾಗುವುದು ಇದೇ ಕಾರಣಕ್ಕೆ, ಬಿಚ್ಚಿ ನೋಡುವ ಹಾಗೇ ಇಲ್ಲ.

ಸರ್‌ಗೆ ವರ್ಗ ಆಯಿತು. 2014ರಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ ನಿಂತಿತು, ಅಷ್ಟೊತ್ತಿಗೆ ನಮ್ಮ ಮಷಿನ್‌ಗಳೂ ಒಂದೊಂದಾಗಿ ಮಲಗಿದ್ದವು. ನೋಟ್‌ಬುಕ್ ಎಲ್ಲಿದೆಯೋ.

ಇಂಥದ್ದನ್ನು ಬೇರೆ ದೇಶಗಳಲ್ಲಿ ದೊಡ್ಡದಾಗಿ ಮಾಡಿದ್ದಾರೆ ಅಂತ ನಾನು ಓದಿದ್ದು ಇತ್ತೀಚೆಗೆ. ನ್ಯೂಯಾರ್ಕಿನಲ್ಲಿ 1999ರಲ್ಲಿ ಶುರುವಾದ ಕಂಪ್ಯೂಟರ್ಸ್ ಫಾರ್ ಯೂತ್ ಅನ್ನುವ ಸಂಸ್ಥೆ ಬಡ ಓಣಿಗಳ ಶಾಲೆಗಳಲ್ಲಿ ತಂದೆತಾಯಿ, ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಿ, ರಿಪೇರಿ ಮಾಡಿದ ಕಂಪ್ಯೂಟರ್ ಮನೆಗೆ ಕೊಡುತ್ತಿತ್ತಂತೆ. ನಮ್ಮ ಸರ್ ಇದನ್ನು ಕೇಳಿರಲಿಕ್ಕಿಲ್ಲ. ರೊಮೇನಿಯಾದಲ್ಲಿ ಸರ್ಕಾರವೇ 2004ರಿಂದ ಕಡಿಮೆ ವರಮಾನದ ಮನೆಗಳಿಗೆ ಕಂಪ್ಯೂಟರ್ ಕೊಳ್ಳಲು 200 ಯೂರೋ ಕೂಪನ್ ಕೊಟ್ಟಿತು. ಅದರ ಮೇಲೆ 2011ರಲ್ಲಿ ಬಂದ ಅಧ್ಯಯನ ಹೇಳಿದ್ದೇನು ಗೊತ್ತಾ? ಮಕ್ಕಳಿಗೆ ಕಂಪ್ಯೂಟರ್ ಚೆನ್ನಾಗಿ ಬಂತು, ಆದರೆ ಶಾಲೆಯ ಮಾರ್ಕ್ಸ್ ಇಳಿಯಿತು. ಆಟ ಜಾಸ್ತಿ, ಓದು ಕಡಿಮೆ. ದೊಡ್ಡವರು ಹತೋಟಿ ಇಟ್ಟ ಮನೆಗಳಲ್ಲಿ ನಷ್ಟ ಕಡಿಮೆಯಾಗಿತ್ತು. ಇದನ್ನು ಓದಿದಾಗಲೇ ನನಗೆ ಆ ಶರತ್ತಿನ ಬೆಲೆ ತಿಳಿದಿದ್ದು. ಡಬ್ಬಿ ಕೊಟ್ಟು ಫೋಟೋ ಹೊಡೆಸಿಕೊಂಡು ಹೋಗುವುದು ಸುಲಭ, ಅದನ್ನು ನಮ್ಮ ಕಡೆ ಬೇಕಾದಷ್ಟು ಜನ ಮಾಡುತ್ತಾರೆ. ಅವ್ವನಿಗೂ ಆ ಡಬ್ಬಿಯಲ್ಲಿ ಒಂದು ಕೆಲಸ ಇರುವ ಹಾಗೆ ಮಾಡಿದವರು ಸರ್ ಒಬ್ಬರೇ.

2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಪಾಠ ಬಂತು, ವಿದ್ಯಾಗಮ ಅಂತ ಟೀಚರ್‌ಗಳು ಗುಡಿ ಕಟ್ಟೆ, ಮರದ ಕೆಳಗೆ ಕಲಿಸಿದರು. ಫೋನಿನಲ್ಲಿ ಕಲಿಯಿರಿ ಅಂದರೆ ಮನೆಗಿದ್ದ ಒಂದೇ ಫೋನ್ ಅಪ್ಪನ ಜೇಬಿನಲ್ಲಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಇಡೀ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4. ಅಂದರೆ ಒಂದು ಕಾಲಕ್ಕೆ ನಮ್ಮ ಕೇರಿ ದೇಶಕ್ಕಿಂತ ಮುಂದಿತ್ತು!

ನಾನೀಗ ಗ್ರಾಮ ಪಂಚಾಯಿತಿಯಲ್ಲಿ ಡಾಟಾ ಎಂಟ್ರಿ ಆಪರೇಟರ್. ಇ-ಸ್ವತ್ತಿನ ಆಸ್ತಿ ದಾಖಲೆ, ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ಅರ್ಜಿ, ಎಲ್ಲ ನನ್ನ ಕೈ ಮೇಲೆಯೇ ಹೋಗುತ್ತವೆ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಬಾಗಿಲಾಚೆವರೆಗೂ ಹೆಂಗಸರ ಸಾಲು. ಹೆಚ್ಚಿನವರು ಕಾಗದ ಕೊಟ್ಟು ಗೋಡೆ ನೋಡುತ್ತಾ ನಿಂತಿರುತ್ತಿದ್ದರು. ಆ ಶನಿವಾರಗಳಿಗೆ ಬಂದಿದ್ದವರನ್ನು ಮಾತ್ರ ನಾನು ಥಟ್ಟನೆ ಗುರುತು ಹಿಡಿಯುತ್ತಿದ್ದೆ. "ಸ್ಕ್ರೀನ್ ಈ ಕಡೆ ತಿರುಗಿಸು ತಂಗಿ, ಆಧಾರ್ ನಂಬರ್ ನೋಡ್ತೀನಿ" ಅನ್ನುತ್ತಿದ್ದರು. ಅಂಕಿ ಮೇಲೆ ಬೆರಳಿಟ್ಟು ಒಂದೊಂದೇ ಓದುತ್ತಿದ್ದರು. ಹಿಂದೆ ನಿಂತವರು ಗೊಣಗಿದರೂ ಕೇಳುತ್ತಿರಲಿಲ್ಲ.

ಈಗ ಶಾಲೆಯ ಕಂಪ್ಯೂಟರ್ ರೂಮಿಗೆ ಹೊಸ ಮಷಿನ್ ಬಂದಿವೆ ಅಂತ ಕೇಳಿದೆ. ಹೆಡ್‌ಮಾಸ್ತರರಿಗೆ ಒಂದು ವಿನಂತಿ: ಶನಿವಾರ ಸಂಜೆ ಆ ಬೀಗ ತೆಗೆಸಿ, ಮಕ್ಕಳ ಜೊತೆ ಮನೆಯ ದೊಡ್ಡವರಿಗೂ ಬರಲು ಹೇಳಿ. ಹತ್ತಿ ಕಾಲ ಬಿಟ್ಟು ಉಳಿದ ದಿನ ಕಲಿಸಲು ನಾನು ಬರುತ್ತೇನೆ, ನಮ್ಮ ಬ್ಯಾಚಿನ ಇನ್ನಿಬ್ಬರೂ ಒಪ್ಪಿದ್ದಾರೆ. ಯುಪಿಎಸ್ ಬ್ಯಾಟರಿ ಸತ್ತಿವೆಯಂತೆ, ಆ ಖರ್ಚನ್ನು ಹಳೆ ವಿದ್ಯಾರ್ಥಿಗಳು ಹಂಚಿಕೊಳ್ಳೋಣ. ಕೊಡುವವರು ಶಾಲೆಯ ಆಫೀಸಿನಲ್ಲಿ ಹೆಸರು ಬರೆಸಿ, ರಸೀದಿ ತಗೊಳ್ಳಿ.