ಕೇಳಿ ಹೋದವರ ಲೆಕ್ಕ

2006ರಲ್ಲಿ ನಾನು ಅಮೆರಿಕದ ಕೊಲಂಬಸ್‌ನಲ್ಲಿ ಒಂದು ಕಾಮಿಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ನಮ್ಮ ಮನೆಯವರನ್ನು ಕಂಪನಿ ಅಲ್ಲಿಗೆ ಕಳಿಸಿತ್ತು, ನನಗೂ ಕೆಲಸದ ಪರ್ಮಿಟ್ ಸಿಕ್ಕಿತ್ತು. ಧಾರವಾಡದಲ್ಲಿ ಬಿ.ಕಾಂ. ಮಾಡಿದವಳಿಗೆ ಕಾಮಿಕ್ಸ್‌ನ ಗಂಧಗಾಳಿಯೂ ಇರಲಿಲ್ಲ. ಮಾಲೀಕರು ಕೇಳಿದ್ದು ಒಂದೇ, ಲೆಕ್ಕ ಬರುತ್ತಾ ಅಂತ. ಬರುತ್ತೆ ಅಂದೆ.

ಆ ವ್ಯಾಪಾರದ ಲೆಕ್ಕ ಸ್ವಲ್ಪ ವಿಚಿತ್ರ. ಹೊಸ ಸಂಚಿಕೆ ಬರುತ್ತಿದ್ದದ್ದು ಬುಧವಾರ. ಆರ್ಡರ್ ಕೊಡುತ್ತಿದ್ದದ್ದು ಮಾತ್ರ ಸುಮಾರು ಎರಡು ತಿಂಗಳು ಮುಂಚೆ, ಡೈಮಂಡ್ ಅನ್ನುವ ವಿತರಕರ ದಪ್ಪ ಕ್ಯಾಟಲಾಗ್ ನೋಡಿ. ಮಾರದೆ ಉಳಿದರೆ ವಾಪಸ್ ಇರಲಿಲ್ಲ, ನಮ್ಮ ತಲೆಗೇ. ಒಂದನೇ ಸಂಚಿಕೆ ಹೇಗೆ ಹೋಯಿತು ಅಂತ ತಿಳಿಯುವ ಹೊತ್ತಿಗೆ ಮೂರನೆಯದರ ಆರ್ಡರ್ ಹೋಗಿಬಿಟ್ಟಿರುತ್ತಿತ್ತು.

ಅದೇ ವರ್ಷ ಬ್ಯಾಟ್‌ಮನ್, ಸೂಪರ್‌ಮ್ಯಾನ್ ಪ್ರಕಟಿಸುವ ಡಿಸಿ ಕಾಮಿಕ್ಸ್‌ನವರು 'ಶ್ಯಾಡೋಪ್ಯಾಕ್ಟ್' ಅನ್ನುವ ಸರಣಿ ಶುರು ಮಾಡಿದರು. ಬಿಲ್ ವಿಲ್ಲಿಂಗ್‌ಹ್ಯಾಮ್ ಬರೆಯುತ್ತಿದ್ದರು. 2005ರ 'ಡೇ ಆಫ್ ವೆಂಜನ್ಸ್' ಕಥೆಯಲ್ಲಿ ಸ್ಪೆಕ್ಟರ್ ಅನ್ನುವ ಮಹಾಶಕ್ತಿ ಲೋಕದ ಮಾಟಮಂತ್ರವನ್ನೆಲ್ಲ ಅಳಿಸಲು ಹೊರಟಾಗ ಒಬ್ಲಿವಿಯನ್ ಬಾರ್‌ನಲ್ಲಿ ಸೇರಿದ ತಂಡ ಇದು. ಮಾತಾಡುವ, ಕುಡಿಯುವ ಪತ್ತೇದಾರಿ ಚಿಂಪಾಂಜಿ. ಮೈಗಂಟಿದ ವೇಷದಿಂದ ಹೊರಬರಲಾಗದೆ ದೆವ್ವದ ರೂಪದಲ್ಲೇ ಉಳಿದ ಸ್ಟಂಟ್‌ಮ್ಯಾನ್. ದೊಡ್ಡ ಹೀರೋಗಳ ಪಕ್ಕ ನಿಂತರೆ ಎಲ್ಲರೂ ಎರಡನೇ ಸಾಲಿನವರೇ.

ನನಗೆ ಹಿಡಿಸಿದ್ದು ರ‍್ಯಾಗ್‌ಮನ್. ಅವನ ಮೈತುಂಬ ಚಿಂದಿ ತೇಪೆ. ಒಂದೊಂದು ತೇಪೆಯಲ್ಲೂ ಒಬ್ಬೊಬ್ಬ ಕೆಟ್ಟವನ ಆತ್ಮ, ಬೇಕಾದಾಗ ಅವರ ಬಲ ಇವನಿಗೆ. ನೋಡಿದ ತಕ್ಷಣ ನನಗೆ ಕಂಡದ್ದು ಕೌದಿ. ನಮ್ಮ ಆಯಿ ಹಳೇ ಸೀರೆ, ಧೋತರದ ತುಂಡು ಸೇರಿಸಿ ಹೊಲಿಯುತ್ತಿದ್ದಳಲ್ಲ, ಅದೇ. ಪುಣ್ಯಕ್ಕೆ ನಮ್ಮ ಕೌದಿಯಲ್ಲಿ ಇದ್ದವರು ಬರೀ ಅಜ್ಜ, ಅತ್ತೆ, ಚಿಕ್ಕಮ್ಮ.

ಇಷ್ಟವಾಗಿದ್ದರೂ ನಾನು ಅದರ ಆರ್ಡರ್ ಇಳಿಸುತ್ತಲೇ ಹೋದೆ. ಎರಡನೇ ಸಾಲಿನವರು, ಯಾರು ಕೊಳ್ತಾರೆ ಅನ್ನೋ ಅಂದಾಜು. ಮೊದಲು ಹನ್ನೆರಡು, ಆಮೇಲೆ ಎಂಟು, ಕೊನೆಗೆ ಐದು. ಐದರಲ್ಲಿ ಮೂರು, ಮುಂಚೆಯೇ ಹೆಸರು ಬರೆಸಿದವರಿಗೆ, ಎರಡು ಶೆಲ್ಫ್‌ಗೆ. ತಿಂಗಳ ಕೊನೆಗೆ ಒಂದೂ ಉಳಿಯುತ್ತಿರಲಿಲ್ಲ. ಆಹಾ, ಎಷ್ಟು ಸರಿಯಾಗಿ ತರಿಸ್ತೀನಿ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಬ್ಬ ಟ್ರಕ್ ಡ್ರೈವರ್ ಬರುತ್ತಿದ್ದರು. ಬುಧವಾರ ರಸ್ತೆಯ ಮೇಲೆ, ಅಂಗಡಿಗೆ ಬರೋದು ಶನಿವಾರ. ಎರಡು ತಿಂಗಳು 'ಸೋಲ್ಡ್ ಔಟ್' ಅಂತ ಹೇಳಿ ಕಳಿಸಿದ್ದೆ. ಮೂರನೇ ಸಲ ಅವರು ಕೌಂಟರ್ ಮೇಲೆ ಕೈಯೂರಿ ನಿಂತರು. "ಅಮ್ಮಾ, ಪ್ರತಿ ಸಲ ಖಾಲಿ ಅಂತೀರಿ. ಖಾಲಿಯಾಗ್ತಿದೆ ಅಂದ್ರೆ ಜಾಸ್ತಿ ತರಿಸಬೇಕಲ್ವಾ?"

ನಾನು ಸುಮ್ನೆ ನಿಂತೆ. ನನ್ನ ಪುಸ್ತಕದಲ್ಲಿ ಐದು ಬಂತು, ಐದು ಹೋಯಿತು ಅಂತ ಇತ್ತು. ಇವರು ಮೂರು ಸಲ ಬಂದು ಬರಿಗೈಲಿ ಹೋದದ್ದು ಎಲ್ಲೂ ಇರಲಿಲ್ಲ. ನಿಮ್ಮ ಹೆಸರಲ್ಲಿ ಒಂದು ಎತ್ತಿಡ್ಲಾ ಅಂತಲೂ ಕೇಳಿರಲಿಲ್ಲ, ಅದು ನನ್ನ ಕೆಲಸವೇ ಆಗಿದ್ದರೂ.

ಸರಣಿಯ ಮೊದಲ ಕಥೆ ಆಗ ನೆನಪಾಯಿತು. ವಯೋಮಿಂಗ್‌ನ ರಿವರ್‌ರಾಕ್ ಊರಲ್ಲಿ ತಂಡ ಸಿಕ್ಕಿಕೊಳ್ಳುತ್ತದೆ. ಒಳಗಿದ್ದವರಿಗೆ ಅಷ್ಟು ಕಾಲ ಕಳೆದದ್ದೇ ಗೊತ್ತಿಲ್ಲ, ಹೊರಬಂದರೆ ಒಂದು ವರ್ಷ ಮುಗಿದಿದೆ. ಹೊರಗಿನವರು ಅವರನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಕೇಳುವವರು ಇದ್ದರೂ ಯಾರೂ ಇಲ್ಲ ಅಂತ ನಾನೂ ಅಂಥದ್ದನ್ನೇ ಮಾಡಿದ್ದೆ.

ಅವತ್ತೇ ಕೌಂಟರ್ ಕೆಳಗೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಯಾರು ಏನು ಕೇಳಿ ಸಿಗದೆ ಹೋದರೋ ಅದಷ್ಟೇ ಅದರಲ್ಲಿ. ಎರಡು ತಿಂಗಳಲ್ಲಿ ಶ್ಯಾಡೋಪ್ಯಾಕ್ಟ್ ಎದುರು ಏಳು ಗೀಟು. ಮಾಲೀಕರಿಗೆ ತೋರಿಸಿದೆ, ಮತ್ತೆ ಹತ್ತು ತರಿಸಿದೆವು. ಕೆಲವು ತಿಂಗಳು ಹತ್ತೂ ಹೋದವು, ಕೆಲವು ತಿಂಗಳು ಮೂರು ಉಳಿದವು. ಉಳಿದಾಗ ಮಾಲೀಕರ ಮುಖ ನೋಡೋ ಹಾಗಿರುತ್ತಿರಲಿಲ್ಲ, ಅದು ಬೇರೆ ಮಾತು.

ವಿಲ್ಲಿಂಗ್‌ಹ್ಯಾಮ್ ನಂತರ ಸರಣಿಯನ್ನು ಮ್ಯಾಥ್ಯೂ ಸ್ಟರ್ಜಸ್ ಬರೆದರು. 2008ರಲ್ಲಿ 25ನೇ ಸಂಚಿಕೆಗೆ ಸರಣಿ ನಿಂತಿತು. ಒಂದು ಅಂಗಡಿಯ ಐದಾರು ಪ್ರತಿಯಿಂದ ಅದು ನಿಲ್ಲಲಿಲ್ಲ, ಉಳಿಯುತ್ತಲೂ ಇರಲಿಲ್ಲ. ಕೊನೇ ಸಂಚಿಕೆಯನ್ನು ಡ್ರೈವರ್ ಹೆಸರಲ್ಲಿ ಎತ್ತಿಟ್ಟಿದ್ದೆ. ಶನಿವಾರ ಬಂದು ಒಯ್ದರು.

ಈಗ ಹುಬ್ಬಳ್ಳಿಯಲ್ಲಿ ಒಂದು ಸೀರೆ ಅಂಗಡಿಯ ಸ್ಟಾಕ್ ನೋಡ್ತೀನಿ. ರಿಜಿಸ್ಟರಿನ ಕೊನೇ ಕಾಲಂ 'ಕೇಳಿ ಹೋದವರು'. ಹುಡುಗರಿಗೆ ಅದನ್ನು ತುಂಬೋಕೆ ಬೇಜಾರು. ಹೋದ ವಾರ ಅದರಲ್ಲಿ ಇದ್ದದ್ದು: ಹಸಿರು ಇಳಕಲ್, ಟೋಪ್ ತೆನಿ ಸೆರಗು, ನಾಲ್ಕು ಮಂದಿ.