ಬೆಟ್ಟದಲ್ಲಿ ಪಳ್ಳಿ, ಬೀದಿಯಲ್ಲಿ ಪಳ್ಳಿಕ್ಕೂಡಂ: ಮದುರೈ ಸುತ್ತ ಮೂರು ದಿನ

ಮೈಸೂರಿನಿಂದ ಸಂಜೆ ಹೊರಟು ರಾತ್ರಿ ಬೆಂಗಳೂರು ದಾಟುವ ತೂತುಕುಡಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಮದುರೈ ಮುಟ್ಟಿಸುತ್ತದೆ. ಮೀನಾಕ್ಷಿ ಗುಡಿ ನೋಡಿ ಮಾರನೆಯ ದಿನವೇ ರಾಮೇಶ್ವರದ ಬಸ್ಸು ಹತ್ತುವವರೇ ಹೆಚ್ಚು. ತಮಿಳು ನುಡಿಯನ್ನೇ ನೋಡಬೇಕು, ಕೇಳಬೇಕು ಎಂದು ಬಂದವರಿಗೆ ಮಾತ್ರ ಮೂರು ದಿನವಾದರೂ ಬೇಕು. ತಮಿಳಿನ ಅತಿ ಹಳೆಯ ಬರಹಗಳಲ್ಲಿ ಹಲವು ಇದೇ ಊರಿನ ಸುತ್ತಲಿನ ಬೆಟ್ಟಗಳಲ್ಲಿವೆ. ಆ ಬರಹದ ಪದಗಳು ಮುಂದೆ ಏನಾದವು ಎಂಬುದು ಕೆಳಗಿನ ಸಂತೆಯಲ್ಲಿ ಕಿವಿಗೇ ಬೀಳುತ್ತದೆ. ಹಳಗನ್ನಡದ ನಾಲ್ಕು ಪದ ಬಲ್ಲವರಿಗೆ ಇದು ಇನ್ನಷ್ಟು ಸಲೀಸು.

ಹೊರಡುವ ಮೊದಲು ಒಂದು ವಾರ ತಮಿಳು ಲಿಪಿ ತಿದ್ದಿಕೊಳ್ಳಿ. ಸ್ವರ 12, ವ್ಯಂಜನ 18, ಅಷ್ಟೇ. ಕ, ಗ ಎರಡಕ್ಕೂ ಒಂದೇ ಅಕ್ಷರ ಎಂದು ಹೆದರಬೇಕಿಲ್ಲ. ಪದದ ಮೊದಲಲ್ಲಿ ಮತ್ತು ಒತ್ತಕ್ಷರದಲ್ಲಿ ಕ, ಅನುನಾಸಿಕದ ಬೆನ್ನಿಗೆ ಬಂದಾಗ ಮತ್ತು ಸ್ವರಗಳ ನಡುವೆ ಗ. ಅದಕ್ಕೇ 'ಪಕ್ಕಂ' ಪಕ್ಕಂ ಆಗಿಯೇ ಉಳಿಯುತ್ತದೆ, 'ಮಕನ್' ಎಂದು ಬರೆದದ್ದು ಬಾಯಲ್ಲಿ 'ಮಗನ್' ಆಗುತ್ತದೆ. ಸಂಸ್ಕೃತದಿಂದ ಬಂದ ಪದ, ಊರು ಮತ್ತು ಜನರ ಹೆಸರು ಎದುರಾದಾಗ ಈ ನಿಯಮ ಕೈಕೊಡುತ್ತದೆ. ಅಲ್ಲಿ ಕೇಳಿಯೇ ತಿಳಿಯಬೇಕು.

ಮೊದಲ ದಿನ ಮಾಂಗುಳಂ. ಮದುರೈಯಿಂದ ಸುಮಾರು 20 ಕಿ.ಮೀ., ಮೀನಾಕ್ಷಿಪುರಂ ಎಂಬ ಹಳ್ಳಿಯ ಪಕ್ಕದ ಬೆಟ್ಟ. ಬಸ್ಸನ್ನು ನಂಬಿಕೊಂಡರೆ ಅರ್ಧ ದಿನ ಹೋಯಿತು. ಆಟೊದವರ ಹತ್ತಿರ ಹೋಗಿಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮೊದಲೇ ದರ ಮಾತಾಡಿಕೊಳ್ಳಿ. ಬೆಳಿಗ್ಗೆ ಏಳರೊಳಗೆ ಬುಡ ಸೇರಬೇಕು, ಹತ್ತರ ಮೇಲೆ ಬಂಡೆ ಕಾದ ಕಾವಲಿಯಂತಾಗುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಹಳ್ಳಿಯಲ್ಲಿ 'ಶಾಸನ ಎಲ್ಲಿದೆ' ಎಂದರೆ ಯಾರಿಗೂ ತಿಳಿಯದು. 'ಕಲ್ವೆಟ್ಟು' ಎನ್ನಿ, ಇಲ್ಲವೇ 'ಸಮಣರ್ ಪಡುಕ್ಕೈ' ಎನ್ನಿ. ಜೈನ ಮುನಿಗಳಿಗಾಗಿ ಬಂಡೆಯಲ್ಲಿ ಕಡೆದ ಹಾಸಿಗೆಗಳು ಅವು. ಆ 'ಪಡು' ನಮ್ಮ ಪಡುವಣದಲ್ಲೂ ಇದೆ, ಹೊತ್ತು ಮಲಗುವ ದಿಕ್ಕು.

ಗುಹೆಯ ಹಣೆಯ ಮೇಲೆ, ಮಳೆನೀರು ಒಳಗೆ ಇಳಿಯದಂತೆ ಕೊರೆದ ಗೀರಿನ ಆಸುಪಾಸಿನಲ್ಲಿ ಅಕ್ಷರಗಳಿವೆ. ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣದು, ಓರೆಬಿಸಿಲು ಬೇಕು. ನೆರಳಿದ್ದರೆ ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಹಾಯಿಸಿ, ಗೀರುಗಳು ಎದ್ದು ಬರುತ್ತವೆ. ಸೀಮೆಸುಣ್ಣ ಬಳಿಯಲೇಬೇಡಿ. ಬಳಿದವನು ತಾನು ಕಂಡ ಅಕ್ಷರವನ್ನೇ ಬರೆದಿರುತ್ತಾನೆ, ಮುಂದೆ ಬಂದವನು ಆ ತಪ್ಪನ್ನೇ ಓದುತ್ತಾನೆ.

1882ರಲ್ಲಿ ಬ್ರಿಟಿಷ್ ಅಧಿಕಾರಿ ರಾಬರ್ಟ್ ಸೀವೆಲ್ ಈ ಬರಹಗಳನ್ನು ಗುರುತಿಸಿದರು. ಲಿಪಿ ಬ್ರಾಹ್ಮಿ ಎಂಬುದು ಸ್ಪಷ್ಟವಿತ್ತು, ಭಾಷೆ ಮಾತ್ರ ದಶಕಗಳ ಕಾಲ ಕೈಗೆ ಸಿಗಲಿಲ್ಲ. 1924ರಲ್ಲಿ ಕೆ.ವಿ. ಸುಬ್ರಹ್ಮಣ್ಯ ಅಯ್ಯರ್ ಇಂಥ ಗುಹಾಬರಹಗಳು ತಮಿಳು ಎಂದು ತೋರಿಸಿದರು, ಬರೆಯುವ ಪದ್ಧತಿಯ ಗಂಟನ್ನು ಪೂರ್ತಿ ಬಿಡಿಸಿದವರು ಶಾಸನತಜ್ಞ ಐರಾವತಂ ಮಹಾದೇವನ್. ಆ ಗಂಟು ಇಷ್ಟೇ. ಅಶೋಕನ ಬ್ರಾಹ್ಮಿಯಲ್ಲಿ ಬರಿಯ ಅಕ್ಷರ ಎಂದರೆ 'ಕ', ಪಕ್ಕಕ್ಕೊಂದು ಗೀಟು ಎಳೆದರೆ 'ಕಾ'. ಅದನ್ನೇ ತಮಿಳಿಗೆ ಹೊಂದಿಸಿಕೊಂಡ ತಮಿಳು ಬ್ರಾಹ್ಮಿಯ ಹಳೆಯ ಪದ್ಧತಿಯಲ್ಲಿ ಬರಿಯ ಅಕ್ಷರ ಸ್ವರವೇ ಇಲ್ಲದ 'ಕ್'. ಗೀಟು ಇದ್ದರೆ ಅದು 'ಕ'ವೂ ಆಗಬಹುದು, 'ಕಾ'ವೂ ಆಗಬಹುದು, ಸಂದರ್ಭ ನೋಡಿ ತಿಳಿಯಬೇಕು. ಅಶೋಕನ ಲೆಕ್ಕದಲ್ಲಿ ಓದಿದರೆ 'ಮಕನ್' ಎಂಬುದು 'ಮಾಕಾನ' ಆಗಿಬಿಡುತ್ತದೆ. ಅದು ಯಾವ ಭಾಷೆ ಎಂದು ಯಾರು ತಾನೇ ಹೇಳಬೇಕು! ಅಶೋಕನ ಶಾಸನಗಳ ಪ್ರಾಕೃತಕ್ಕೆ ಬೇಡದ ೞ (ನಾಲಿಗೆ ಮಡಿಸಿ ಹೇಳುವ, ಹಳಗನ್ನಡದಲ್ಲೂ ಇದ್ದ ಅಕ್ಷರ), ಳ, ಱ (ಹಳಗನ್ನಡದ ಗಡಸು ರ) ಮತ್ತು ತಮಿಳಿನ ಎರಡನೆಯ ನ, ಈ ನಾಲ್ಕು ದನಿಗಳಿಗೆ ಇಲ್ಲಿ ಬೇರೆ ಚಿಹ್ನೆಗಳಿವೆ. ಮಹಾಪ್ರಾಣಗಳ ಗೊಡವೆ ಹೆಚ್ಚುಕಡಿಮೆ ಇಲ್ಲ.

ಕ್ರಿ.ಪೂ. 2ನೇ ಶತಮಾನದ್ದೆಂದು ಮಹಾದೇವನ್ ಗುರುತಿಸಿದ ಬರಹವೊಂದು ಪಾಂಡ್ಯ ಅರಸ ನೆಡುಂಚೆೞಿಯನ ಅಧಿಕಾರಿಯೊಬ್ಬ ಕಣಿ ನಂದ ಎಂಬ ಮುನಿಗೆ ಪಳ್ಳಿ ಕಡೆಸಿಕೊಟ್ಟದ್ದನ್ನು ಹೇಳುತ್ತದೆ. ಆ 'ಪಳ್ಳಿ' ಎಂಬ ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮುನಿಗಳು ಮಲಗುವ ಜಾಗ, ಆಮೇಲೆ ಬಸದಿ. ಅಲ್ಲಿ ಪಾಠ ಹೇಳುತ್ತಿದ್ದುದರಿಂದ ತಮಿಳಿನಲ್ಲಿ ಶಾಲೆಗೆ ಪಳ್ಳಿಕ್ಕೂಡಂ ಎಂಬ ಹೆಸರಾಯಿತೆಂಬುದು ರೂಢಿಯ ವಿವರಣೆ. ಕನ್ನಡದಲ್ಲಿ ಪಕಾರ ಹಕಾರವಾಗಿ ಅದೇ ಪದ ಹಳ್ಳಿಯಾಗಿ ನಿಂತಿದೆ, ಹಾಲು, ಹುಲಿ, ಹಲ್ಲುಗಳ ಸಾಲಿನಲ್ಲೇ.

ಸಂಜೆ ಊರಿಗೆ ಮರಳಿ ಬಾಳೆಹಣ್ಣಿನ ಅಂಗಡಿಯ ಮುಂದೆ ನಿಲ್ಲಿ. ಪುಸ್ತಕದಲ್ಲಿ 'ವಾೞೈಪ್ಪೞಂ'. ಮದುರೈಯ ಬಾಯಲ್ಲಿ 'ವಾಳಪ್ಪಳಂ', ಚೆನ್ನೈ ಗಲ್ಲಿಗಳಲ್ಲಿ 'ವಾಯಪ್ಪಯಂ'. ಪಯಂ ಎಂದರೆ ಭಯವೂ ಹೌದಾದ್ದರಿಂದ ದಕ್ಷಿಣದವರಿಗೆ ಅದೊಂದು ಮುಗಿಯದ ತಮಾಷೆ. ಹೀಗೆ ನಗುವ ಮದುರೈಯವರಲ್ಲೂ ಬಹಳ ಮಂದಿ ತಮ್ಮ ನುಡಿಯನ್ನು 'ತಮಿೞ್' ಎನ್ನದೆ ನಮ್ಮ ಹಾಗೆಯೇ 'ತಮಿಳ್' ಎನ್ನುತ್ತಾರೆ. ಕನ್ನಡ ಈ ೞಕಾರವನ್ನು ಎಂದೋ ಕಳೆದುಕೊಂಡಿತು: ಬಾೞೆ ಬಾಳೆಯಾಯಿತು, ಏೞು ಏಳಾಯಿತು, ಇನ್ನೊಂದು ವ್ಯಂಜನಕ್ಕೆ ಮೊದಲು ಸಿಕ್ಕಿಬಿದ್ದಲ್ಲಿ ಗೞ್ದೆ ಗರ್ದೆಯಾಗಿ ಕೊನೆಗೆ ಗದ್ದೆ.

ಎರಡನೆಯ ದಿನದ ಊರಿನ ಹೆಸರಲ್ಲೂ ಅದೇ ಅಕ್ಷರ. ಬರೆಯುವುದು ಕೀೞಡಿ, ಕೇಳುವುದು ಕೀಳಡಿ. ಮದುರೈಯ ಆಗ್ನೇಯಕ್ಕೆ ಸುಮಾರು 12 ಕಿ.ಮೀ. ಇಲ್ಲಿ ಹೂತುಹೋದ ಹಳೆಯ ಊರಿನ ಉತ್ಖನನ ಶುರುವಾದದ್ದು 2014–15ರಲ್ಲಿ, ವಸ್ತುಸಂಗ್ರಹಾಲಯ ತೆರೆದದ್ದು 2023ರ ಮಾರ್ಚ್‌ನಲ್ಲಿ. ವಾರದ ರಜೆ ವಿಚಾರಿಸಿಕೊಂಡೇ ಹೊರಡಿ. ಚಿನ್ನದ ಮಣಿ, ದಾಳಗಳ ಮುಂದೆ ಗುಂಪು ಸೇರುತ್ತದೆ, ಆದರೆ ಹುಡುಕಬೇಕಾದದ್ದು 'ಆದನ್', 'ಕುವಿರನ್' ಎಂದು ಹೆಸರು ಗೀಚಿದ ಮಡಕೆಚೂರುಗಳನ್ನು. ರಾಜರ ಗೊಡವೆ ಇಲ್ಲ, ನಾವು ಪಾತ್ರೆಯ ಮೇಲೆ ಹೆಸರು ಹೊಡೆಸುತ್ತೇವಲ್ಲ, ಹಾಗೆ. 353 ಸೆಂ.ಮೀ. ಆಳದ ಒಂದು ಇದ್ದಿಲಿನ ಮಾದರಿಗೆ ಕ್ರಿ.ಪೂ. 580ರ ಕಾಲಮಾನ ಬಂದಿದೆ. ಅಕ್ಷರಗಳೂ ಅಷ್ಟೇ ಹಳೆಯವೇ ಎಂಬಲ್ಲಿ ವಿದ್ವಾಂಸರ ಒಮ್ಮತವಿಲ್ಲ. ಇದ್ದಿಲು ಸಿಕ್ಕ ಪದರಕ್ಕೂ ಚೂರು ಸಿಕ್ಕ ಪದರಕ್ಕೂ ಇರುವ ನಂಟೇ ಜಗಳದ ಮೂಲ.

ದಾರಿಯುದ್ದಕ್ಕೂ 'ವೀಟ್ಟು ಮನೈ ವಿಱ್ಪನೈ' ಎಂಬ ಫಲಕಗಳು. ಮನೆ ಮಾರಾಟಕ್ಕಿದೆ ಎಂದುಕೊಂಡರೆ ಕೆಟ್ಟಿರಿ. ಅಲ್ಲಿ ಮನೈ ಎಂದರೆ ನಿವೇಶನ. ಮನೆಗೆ ವೀಡು, ಅದು ನಮ್ಮ ಬೀಡು.

ಮಧ್ಯಾಹ್ನದ ಬಿಸಿಲಿಗೆ ಮಾಟ್ಟುತ್ತಾವಣಿ ಬಸ್ ನಿಲ್ದಾಣವೇ ಸರಿಯಾದ ಪಾಠಶಾಲೆ. ಮದುರೈಯವರು 'ಬಂದರು' ಎನ್ನುವುದಕ್ಕೆ 'ವಂದಾಯ್ಂಗ' ಎನ್ನುತ್ತಾರೆ, ಇತ್ತ ಅತ್ತ ಎನ್ನುವುದಕ್ಕೆ 'ಇಂಗಿಟ್ಟು ಅಂಗಿಟ್ಟು'. ತಿರುನೆಲ್ವೇಲಿ ಬಸ್ಸಿನ ಹತ್ತಿರ 'ಏಲೇ' ಕೇಳಿಸುತ್ತದೆ. ಅದು ನಮ್ಮ 'ಲೇ'ಯಂತೆಯೇ ಗೆಳೆಯರ ನಡುವಿನದು, ಹೊರಗಿನವರು ಬಳಸಿದರೆ ಏಟಿಗೆ ದಾರಿ. ಕೊಯಮತ್ತೂರಿನ ಕಡೆಯವರು 'ಏನುಂಗ' ಎಂದು ಮಾತುಮಾತಿಗೂ 'ಂಗ' ಸೇರಿಸಿ ಮಾತನ್ನು ಮೆತ್ತಗೆ ಮಾಡುತ್ತಾರೆ. ಅವರ ಬಸ್ಸುಗಳು ಮಾತ್ರ ಆರಪ್ಪಾಳಯಂ ನಿಲ್ದಾಣದಿಂದ. 'ನೋಡಿಕೊಂಡು' ಎಂಬುದನ್ನು ಈ ಕಡೆ 'ಪಾತ್ತುಕ್ಕಿಟ್ಟು' ಎಂದರೆ ಚೆನ್ನೈಯವರು 'ಪಾತ್ತುಕ್ಕಿನು' ಎನ್ನುತ್ತಾರೆ. ಎರಡರ ಹಿಂದೆಯೂ ಇರುವುದು ಬರಹದ 'ಕೊಂಡು'. ದಾರಿ ಕೇಳುವಾಗ 'ಅಣ್ಣೇ', 'ಅಕ್ಕಾ' ಎಂದು ಶುರುಮಾಡಿ. ಪುಸ್ತಕದ ತಮಿಳಲ್ಲಿ ಕೇಳಿದರೆ ಉತ್ತರವೇನೋ ಸಿಗುತ್ತದೆ, ಜೊತೆಗೆ ಒಂದು ನಗುವೂ.

ಮೂರನೆಯ ದಿನ ತೇನಿ ರಸ್ತೆಯ ಕಡೆಗೆ, ಕೀೞಕ್ಕುಯಿಲ್‌ಕುಡಿಯ ಸಮಣರ್ ಮಲೈ. ಬುಡದಲ್ಲಿ ತಾವರೆಕೊಳ, ಕರುಪ್ಪಸ್ವಾಮಿ ಗುಡಿ. ಸೆಟ್ಟಿಪ್ಪೊಡವು ಗುಹೆಯಲ್ಲೂ ಮೇಲಿನ ಪೇಚ್ಚಿಪ್ಪಳ್ಳದಲ್ಲೂ ತೀರ್ಥಂಕರರ ಉಬ್ಬುಶಿಲ್ಪಗಳಿವೆ, ಕೆಳಗೆ ವಟ್ಟೆೞುತ್ತು ಎಂಬ, ಹಿಂದೆ ತಮಿಳು ಬರೆಯುತ್ತಿದ್ದ ದುಂಡನೆಯ ಲಿಪಿಯ ಬರಹ. ಚೋಳರು ಪಾಂಡ್ಯನಾಡನ್ನು ಹಿಡಿದ ಮೇಲೆ ಈ ಲಿಪಿ ಹಿಂದೆ ಸರಿದು ಈಗಿನ ತಮಿಳು ಲಿಪಿಯ ಪೂರ್ವರೂಪ ಮುಂದೆ ಬಂತು, ಕೇರಳದಲ್ಲಿ ಮಾತ್ರ ವಟ್ಟೆೞುತ್ತು ಬಹುಕಾಲ ಬಾಳಿತು. ಹಾಗಾಗಿ ಈಗಿನ ಅಕ್ಷರ ಕಲಿತು ಬಂದವರಿಗೂ ಇದು ಓದಲು ಬಾರದು.

ಪೇಚ್ಚಿಪ್ಪಳ್ಳದಲ್ಲೇ ಸಾಕೆಂದು ಇಳಿಯಬೇಡಿ. ಬಂಡೆಯಲ್ಲಿ ಕಡಿದ ಮೆಟ್ಟಿಲು ಹಿಡಿದು ನೆತ್ತಿಯ ದೀಪಸ್ತಂಭದವರೆಗೆ ಹೋದರೆ ಕಾಲಡಿಯ ಬಂಡೆಯ ಮೇಲೆ ಕನ್ನಡ ಅಕ್ಷರಗಳು! ಮೂಲಸಂಘ ಎಂಬ ಜೈನ ಪಂಗಡದ, ಬೆಳ್ಗೊಳದ (ನಮ್ಮ ಶ್ರವಣಬೆಳಗೊಳ) ನಂಟಿನ ಮುನಿಗಳ ಹೆಸರುಗಳು. ಮೇಲ್ಮೈ ಸವೆದಿದೆ, ಚಪ್ಪಲಿ ಬಿಟ್ಟು ಸುತ್ತಿ ಬಂದು ಸಂಜೆಯ ಓರೆಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ಇಳಿಯುವಾಗ ದೀಪದ ಅನುಕೂಲವಿಲ್ಲ, ಆರರೊಳಗೆ ಕೆಳಗಿರಿ.